ಅಪ್ಪನ ಸೇನಾ ದಿನಗಳನ್ನು ಕಾಪಿಡಿ

ಮನೆಯಲ್ಲಿ 1971ರ ಯುದ್ಧವನ್ನೋ 1999ರ ಕಾರ್ಗಿಲ್ಲನ್ನೋ ಕಂಡ ಹಿರಿಯರಿದ್ದಾರೆಯೇ? ರೆಜಿಮೆಂಟಿನ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರು ಹಂಚಿಕೊಂಡ ಫೋಟೋ, ಧ್ವನಿ ಸಂದೇಶಗಳನ್ನು ಈ ವಾರವೇ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಅವರ ಪಕ್ಕದಲ್ಲಿ ಕೂತು, ಫೋಟೋದಲ್ಲಿ ಎಡಗಡೆ ನಿಂತವರು ಯಾರು, ಯಾವ ಪೋಸ್ಟು, ಯಾವ ವರ್ಷ ಎಂದು ಕೇಳಿ ಬರೆದಿಡಿ. ಡಿಸ್ಚಾರ್ಜ್ ಬುಕ್, ಪಿಂಚಣಿ ಪಾವತಿ ಆದೇಶ (ಪಿಪಿಒ) ಇವನ್ನೂ ಸ್ಕ್ಯಾನ್ ಮಾಡಿಸಿ; ಅವನ್ನು ಮಾತ್ರ ಯಾವ ಗುಂಪಿಗೂ ಹಾಕಬೇಡಿ.

ಇದಕ್ಕಿಂತ ಜರೂರಿನ ಕೆಲಸವೊಂದಿದೆ. ಅಮ್ಮನ ಹೆಸರು, ಹುಟ್ಟಿದ ದಿನಾಂಕ ಸೇನೆಯ ದಾಖಲೆಯಲ್ಲೂ ಆಧಾರಿನಲ್ಲೂ ಒಂದೇ ರೀತಿ ಇವೆಯೇ ನೋಡಿ. ಅಕ್ಷರ ವ್ಯತ್ಯಾಸವಿದ್ದರೂ ಮುಂದೆ ಕುಟುಂಬ ಪಿಂಚಣಿಗೆ ಅಲೆದಾಡಬೇಕಾಗಬಹುದು. ಅಪ್ಪ ಇರುವಾಗಲೇ ತಿದ್ದಿಸುವುದು ಸುಲಭ. ಶಿವಮೊಗ್ಗ ಜಿಲ್ಲೆಯವರಾದರೆ ಶಿವಮೊಗ್ಗದ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ, ಭದ್ರಾವತಿಯವರಿಗೂ ದೂರವೇನಲ್ಲ. ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ಪ್ರತಿವರ್ಷ ಕೊಡಬೇಕಾದ ಜೀವಿತ ಪ್ರಮಾಣಪತ್ರದ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.