ಗೇರಿನ ಕಾರಿಗೆ ರಿಮೋಟ್ ಸ್ಟಾರ್ಟ್: ಬಿಲ್ಲಿನಲ್ಲಿ ಕಾಣದ ಖರ್ಚು

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರು ಆಕ್ಸೆಸರಿ ಅಂಗಡಿಗಳಲ್ಲಿ ಸೀಟ್ ಕವರಿನಿಂದ ಹಿಡಿದು ಸ್ಪೀಕರಿನವರೆಗೆ ಎಲ್ಲಕ್ಕೂ ಒಂದು ದರ ಸಿಗುತ್ತದೆ. ಅಂಥದೊಂದು ಅಂಗಡಿಯಲ್ಲಿ ಗೇರಿನ ಕಾರಿಗೆ ರಿಮೋಟ್ ಸ್ಟಾರ್ಟ್ ಕೂಡಿಸಲು ಈ ಅಂಕಣಕಾರನಿಗೆ ಹೇಳಿದ ದರ ಕೂಲಿ ಸೇರಿ ₹12,000. ವಿಚಾರಿಸಿದ್ದು ರಾಯಚೂರಿನಲ್ಲಿರುವ ಚಿಕ್ಕಪ್ಪನ ಮಗನಿಗಾಗಿ. ಏಪ್ರಿಲ್ ಬಂತೆಂದರೆ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. "ಅಣ್ಣ, ಮಧ್ಯಾಹ್ನ ಎರಡಕ್ಕ ಕಾರಿನ ಬಾಗ್ಲಾ ತೆಗದ್ರ ಒಲಿ ಮುಂದ ನಿಂತಂಗ ಆಗ್ತದ. ಸಣ್ಣ ಹುಡುಗೀನ ಹ್ಯಾಂಗ ಕೂಡಸೋದು?" ಎಂದು ಫೋನಿನಲ್ಲಿ ಕೇಳಿದ್ದ. ಮನೆಯೊಳಗಿನಿಂದಲೇ ಬಟನ್ ಒತ್ತಿ ಎಂಜಿನ್ ಚಾಲೂ ಮಾಡಿದರೆ, ಹೊರಗೆ ಬರುವಷ್ಟರಲ್ಲಿ ಎಸಿ ಕಾರನ್ನು ತಂಪು ಮಾಡಿರುತ್ತದೆ ಎಂಬುದು ಅವನ ಲೆಕ್ಕ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ₹12,000 ಪೂರ್ತಿ ಲೆಕ್ಕವಲ್ಲ.

ಆಟೊಮ್ಯಾಟಿಕ್ ಕಾರು ಪಾರ್ಕ್‌ನಲ್ಲಿದ್ದರೆ ಗೇರ್‌ಬಾಕ್ಸನ್ನೇ ಒಂದು ಕೊಂಡಿ ಹಿಡಿದಿರುತ್ತದೆ, ಎಂಜಿನ್ ಓಡಿದರೂ ಚಕ್ರ ತಿರುಗದು. ಗೇರಿನ ಕಾರಿಗೆ ಆ ಅನುಕೂಲವಿಲ್ಲ. ಮೊದಲ ಗೇರಿನಲ್ಲಿ ಬಿಟ್ಟ ಕಾರನ್ನು ಕ್ಲಚ್ ಒತ್ತದೆ ಸ್ಟಾರ್ಟ್ ಮಾಡಿದರೆ ಅದು ಮುಂದಕ್ಕೆ ಹಾರುತ್ತದೆ ಎಂಬುದು ಹಳೆಯ ಅಂಬಾಸಡರ್ ಓಡಿಸಿದವರಿಗೆಲ್ಲ ಗೊತ್ತು. ಇದನ್ನು ತಡೆಯಲೆಂದೇ ಈಚಿನ ಬಹಳಷ್ಟು ಕಾರುಗಳಲ್ಲಿ ಕ್ಲಚ್ ಪೆಡಲಿನ ಬಳಿ ಒಂದು ಸ್ವಿಚ್ ಇರುತ್ತದೆ. ಪೆಡಲ್ ಪೂರ್ತಿ ಒತ್ತದಿದ್ದರೆ ಸ್ಟಾರ್ಟರ್ ಮೋಟಾರಿಗೆ ಕರೆಂಟೇ ಹೋಗುವುದಿಲ್ಲ. ರಿಮೋಟಿಗೆ ಕಾಲಿಲ್ಲವಲ್ಲ, ಹಾಗಾಗಿ ಕಿಟ್ ಕೂಡಿಸುವವರು ಮಾಡುವ ಮೊದಲ ಕೆಲಸವೇ ಈ ಸ್ವಿಚ್ಚಿನ ವೈರನ್ನು ಬೈಪಾಸ್ ಮಾಡುವುದು. ಅಪಘಾತ ತಡೆಯಲು ಕಂಪನಿ ಇಟ್ಟದ್ದನ್ನು ಮಾಲೀಕ ದುಡ್ಡು ಕೊಟ್ಟು ತೆಗೆಸಿದಂತಾಯಿತು.

ಹಾರಿದ ಕಾರು ತಾನೇ ಆಫ್ ಆಗುತ್ತದಲ್ಲ ಎಂದು ಅಂಗಡಿಯವರು ಸಮಾಧಾನ ಹೇಳುತ್ತಾರೆ. ಕಾರ್ಬ್ಯುರೇಟರ್ ಕಾಲದಲ್ಲಿ ಹೆಚ್ಚಾಗಿ ಹಾಗೇ ಆಗುತ್ತಿತ್ತು. ಈಗಿನ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಎಂಜಿನ್ ಸೊರಗುತ್ತಿದೆ ಎನ್ನಿಸಿದ ಕೂಡಲೇ ಹೆಚ್ಚು ಇಂಧನ ಕೊಟ್ಟು ಅದನ್ನು ಓಡಿಸುತ್ತಲೇ ಇರಲು ನೋಡುತ್ತದೆ. ಟ್ರಾಫಿಕ್ಕಿನಲ್ಲಿ ಆಕ್ಸಲರೇಟರ್ ಮುಟ್ಟದೆ ಮೊದಲ ಗೇರಿನಲ್ಲಿ ಕಾರು ತೆವಳುವುದು ಇದರಿಂದಲೇ. ಸಣ್ಣ ಕಾರೊಂದರ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ, ಮೊದಲ ಗೇರಿನಲ್ಲಿ ಎಂಜಿನ್ನಿನ 14 ಸುತ್ತಿಗೆ ಚಕ್ರ ಒಂದು ಸುತ್ತು ಹಾಕುತ್ತದೆ, ಚಕ್ರದ ಸುತ್ತಳತೆ 1.9 ಮೀಟರ್ ಎಂದಿಟ್ಟುಕೊಳ್ಳಿ. ಕಾರು ಗಂಟೆಗೆ ಸುಮಾರು 6.5 ಕಿಲೋಮೀಟರ್ ವೇಗದಲ್ಲಿ ಹೊರಟಿರುತ್ತದೆ. ಬಿರುಸಾಗಿ ನಡೆಯುವ ಮನುಷ್ಯನ ವೇಗ ಅದು, ಹಿಂದೆ ಒಂದು ಟನ್ ತೂಕ, ಒಳಗೆ ಯಾರೂ ಇಲ್ಲ. ಅಂಗಳದಲ್ಲಿ ಮಕ್ಕಳು ಆಡುವ ಮನೆಗಳಲ್ಲಿ ಈ ಒಂದು ಲೆಕ್ಕವೇ ಸಾಕು ಎನ್ನುವುದು ಅಂಕಣಕಾರನ ಗಟ್ಟಿ ಅಭಿಪ್ರಾಯ.

ಒಳ್ಳೆಯ ಕಿಟ್‌ಗಳು ಇದಕ್ಕೊಂದು ಉಪಾಯ ಮಾಡಿವೆ. ಕಾರು ನಿಲ್ಲಿಸುವಾಗ ಎಂಜಿನ್ ಓಡುತ್ತಿರುವಂತೆಯೇ ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತೆಗೆದು, ಕ್ಲಚ್ ಬಿಟ್ಟು ಇಳಿಯಬೇಕು. ಬಾಗಿಲು ಹಾಕಿ ಲಾಕ್ ಮಾಡಿದ ಮೇಲೆ ಕಿಟ್ಟೇ ಎಂಜಿನ್ ಆರಿಸುತ್ತದೆ. ಕ್ಲಚ್ ಮೇಲೆ ಕಾಲಿಲ್ಲದೆಯೂ, ಕಾರು ಕದಲದೆ, ಎಂಜಿನ್ ಓಡುತ್ತಿತ್ತೆಂದರೆ ಕಾರು ನ್ಯೂಟ್ರಲ್‌ನಲ್ಲಿದೆ ಎಂದೇ ಅರ್ಥ. ನಡುವೆ ಯಾರಾದರೂ ಬಾಗಿಲು ತೆಗೆದರೆ ರಿಮೋಟ್ ಸ್ಟಾರ್ಟ್ ರದ್ದಾಗುತ್ತದೆ. ಜಾಣ ವ್ಯವಸ್ಥೆ ನಿಜ, ಆದರೆ ಅದು ನಿಂತಿರುವುದು ಬಾಗಿಲಿನ ಸಣ್ಣ ಸ್ವಿಚ್ಚುಗಳ ಮೇಲೆ. ಮಳೆಗಾಲದ ತೇವಕ್ಕೆ ಒಂದು ಕೆಟ್ಟರೆ, ಬಾಗಿಲು ತೆಗೆದದ್ದು ಕಿಟ್‌ಗೆ ತಿಳಿಯುವುದೇ ಇಲ್ಲ. ಅಗ್ಗದ ಕಿಟ್‌ಗಳಲ್ಲಂತೂ ಇಷ್ಟೂ ಇರುವುದಿಲ್ಲ. ಹ್ಯಾಂಡ್‌ಬ್ರೇಕ್ ದೀಪದ ವೈರಿಗೆ ಒಂದು ತುಂಡು ಸೇರಿಸಿದರೆ ಅಲ್ಲಿಗೆ ಮುಗಿಯಿತು.

ಅಂಕಣಕಾರ ವಾಸಿಸುವ ಅಪಾರ್ಟ್‌ಮೆಂಟಿನಲ್ಲಿ ಎಡವಟ್ಟಾದದ್ದು ಅಂಥ ಕಿಟ್ಟಿನಿಂದಲೇ. ನೆರೆಮನೆಯವರ ಕಾರನ್ನು ರಾತ್ರಿ ಅವರ ಮಗ ತಂದು ನಿಲ್ಲಿಸಿ, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದಂತೆ ಮೊದಲ ಗೇರಿಗೆ ಹಾಕಿ ಹೋಗಿದ್ದ. ಬೆಳಿಗ್ಗೆ ತಂದೆ ಬಾಲ್ಕನಿಯಿಂದ ಬಟನ್ ಒತ್ತಿದರು. ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು, ಕೇಬಲ್ ಮಾತ್ರ ಸಡಿಲವಾಗಿತ್ತು. ಲಿವರ್ ಮೇಲಕ್ಕೆದ್ದಿದೆ ಎಂಬುದಷ್ಟೇ ಆ ಸ್ವಿಚ್ಚಿಗೆ ಗೊತ್ತು, ಚಕ್ರವನ್ನು ಬ್ರೇಕ್ ಹಿಡಿದಿದೆಯೇ ಎಂಬುದು ಗೊತ್ತಿಲ್ಲ. ಎದುರು ನಿಂತಿದ್ದ ಸ್ಕೂಟರನ್ನು ತಳ್ಳಿಕೊಂಡು ಹೋದ ಕಾರು ಕಂಬಕ್ಕೆ ಬಡಿಯಿತು. ಸ್ಕೂಟರಿನ ಬಳಿ ಆ ಹೊತ್ತಿಗೆ ಯಾರೂ ಇರಲಿಲ್ಲ.

ವಿಮೆಯ ಕಾಗದ ತುಂಬಲು ಅಂಕಣಕಾರ ಅವರ ಜೊತೆ ಕುಳಿತಾಗ ಸಮಸ್ಯೆಯ ನಿಜವಾದ ಆಳ ಕಂಡಿತು. ಕ್ಲೇಮ್ ಫಾರಂ ಕೇಳುವುದೇ ಅಪಘಾತದ ವೇಳೆ ಕಾರು ಓಡಿಸುತ್ತಿದ್ದವರ ಹೆಸರು, ಲೈಸೆನ್ಸ್ ಸಂಖ್ಯೆ. ನಿಂತ ಕಾರು ಎನ್ನೋಣವೆಂದರೆ ಎಂಜಿನ್ ಓಡುತ್ತಿತ್ತು. ಓಡುವ ಕಾರು ಎನ್ನೋಣವೆಂದರೆ ಚಾಲಕನಿಲ್ಲ. ಬಂದ ಸರ್ವೇಯರ್ ಡ್ಯಾಶ್‌ಬೋರ್ಡಿನ ಕೆಳಗೆ ಟೇಪು ಸುತ್ತಿದ ವೈರುಗಳ ಫೋಟೊ ತೆಗೆದುಕೊಂಡರು. ಕಿಟ್ ಹಾಕಿಸಿದ್ದನ್ನು ವಿಮಾ ಕಂಪನಿಗೆ ತಿಳಿಸಿರಲಿಲ್ಲ. ಕೊನೆಗೆ ನೆರೆಮನೆಯವರು ಕ್ಲೇಮ್ ಕೈಬಿಟ್ಟು ಬಂಪರ್, ರೇಡಿಯೇಟರ್, ಸ್ಕೂಟರಿನ ರಿಪೇರಿ ಎಲ್ಲವನ್ನೂ ಕೈಯಿಂದಲೇ ಕೊಟ್ಟರು. ಕಿಟ್ಟಿನ ಬೆಲೆಯ ಹಲವು ಪಟ್ಟು ಹಣ ಹೋಯಿತು.

ಇದೇ ಘಟನೆ ರಸ್ತೆಯಲ್ಲಿ ಆಗಿದ್ದರೆ ಕಾನೂನೂ ಅವರ ಕಡೆಗಿರುತ್ತಿರಲಿಲ್ಲ ಎನ್ನುವುದನ್ನು ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮು ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಿದ ವಾಹನದ ಬಗ್ಗೆಯೇ ಇದೆ. ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಕುಳಿತಿರಬೇಕು. ಇಲ್ಲವೇ ಎಂಜಿನ್ ಆರಿಸಿ ಬ್ರೇಕ್ ಹಾಕಿಯೋ, ಬೇರೆ ಕ್ರಮ ಕೈಗೊಂಡೋ ವಾಹನ ಆಕಸ್ಮಿಕವಾಗಿ ಚಲಿಸದಂತೆ ನೋಡಿಕೊಳ್ಳಬೇಕು. ಕ್ಲಚ್ ಸ್ವಿಚ್ ಬೈಪಾಸ್ ಮಾಡಿದ ಕಾರನ್ನು ಮನೆಯೆದುರಿನ ರಸ್ತೆಯಲ್ಲಿ ರಿಮೋಟಿನಿಂದ ಚಾಲೂ ಮಾಡಿ, ಅದು ದಾರಿಹೋಕರೊಬ್ಬರಿಗೆ ಬಡಿದರೆ, ತಕ್ಕ ಕ್ರಮ ಕೈಗೊಂಡಿದ್ದೆವು ಎಂದು ಅಪಘಾತ ಪರಿಹಾರದ ಟ್ರಿಬ್ಯೂನಲ್ ಮುಂದೆ ಸಾಧಿಸುವುದು ಕಷ್ಟ. ಥರ್ಡ್ ಪಾರ್ಟಿ ವಿಮೆ ಗಾಯಾಳುವಿನ ರಕ್ಷಣೆಗೆ ಇರುವಂಥದು. ಪಾಲಿಸಿಯ ಷರತ್ತು ಮುರಿದಿದೆ ಎಂದು ಕಂಡುಬಂದಾಗ, ಮೊದಲು ಕಂಪನಿ ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಹೇಳುವುದುಂಟು. ಅಂಥ ಆದೇಶ ಬಂದರೆ ಮಧ್ಯಮ ವರ್ಗದ ಕುಟುಂಬದ ಉಳಿತಾಯವೆಲ್ಲ ಅದಕ್ಕೇ ಹೋದೀತು. ಸ್ವಂತ ಕಾರಿನ ಹಾನಿಗೂ ಒಂದು ಷರತ್ತಿದೆ: ವಾಹನವನ್ನು ಸುರಕ್ಷಿತವಾಗಿ, ಸುಸ್ಥಿತಿಯಲ್ಲಿ ಇಡಲು ಮಾಲೀಕ ಸಾಧ್ಯವಿದ್ದ ಎಚ್ಚರ ವಹಿಸಿರಬೇಕು.

ಕಳ್ಳತನದ ಮಾತು ಬೇರೆ. ಈಗಿನ ಬಹಳಷ್ಟು ಕಾರುಗಳ ಕೀಲಿಯಲ್ಲಿ ಚಿಪ್ ಇರುತ್ತದೆ, ಅದು ಹತ್ತಿರವಿಲ್ಲದೆ ಎಂಜಿನ್ ಚಾಲೂ ಆಗದು. ಇದನ್ನು ದಾಟಲು ಕೆಲವು ಅಂಗಡಿಗಳಲ್ಲಿ ಮಾಲೀಕನ ಎರಡನೇ ಕೀಲಿಯನ್ನೋ ಅದರ ಚಿಪ್ಪನ್ನೋ ಡ್ಯಾಶ್‌ಬೋರ್ಡಿನೊಳಗೆ ಶಾಶ್ವತವಾಗಿ ಕೂಡಿಸಿಬಿಡುತ್ತಾರೆ. ಕಾರು ಕಳುವಾದಾಗ ವಿಮಾ ಕಂಪನಿ ಕೇಳುವ ಮೊದಲ ವಸ್ತುಗಳಲ್ಲಿ ಎರಡೂ ಅಸಲಿ ಕೀಲಿಗಳಿರುತ್ತವೆ. ಒಂದು ಕೀಲಿ ಕಳ್ಳನ ಜೊತೆಗೇ ಹೋಗಿದೆ ಎಂದು ಹೇಗೆ ವಿವರಿಸುವುದು? ಜೆ.ಸಿ. ರಸ್ತೆಯ ಅಂಗಡಿಯಲ್ಲಿ "ಎರಡನೇ ಕೀ ತಂದಿದ್ದೀರಾ ಸರ್?" ಎಂದು ಕೇಳಿದ ಕ್ಷಣವೇ ಅಂಕಣಕಾರ ದರದ ಚೀಟಿ ಮಡಚಿ ಜೇಬಿಗಿಟ್ಟುಕೊಂಡ.

ಹೊಸ ಕಾರಿನ ವಾರಂಟಿಯೂ ಉಳಿಯುವುದು ಅನುಮಾನ. ಹೊರಗಿನವರು ವೈರ್ ಕತ್ತರಿಸಿ ಜೋಡಿಸಿದ ಕಡೆ ಆದ ಹಾನಿಗೆ ತಯಾರಕರು ಹೊಣೆಯಾಗುವುದಿಲ್ಲ.

ಹಾಗಾದರೆ ಗೇರಿನ ಕಾರಿಗೆ ಈ ಸೌಕರ್ಯ ಸಲ್ಲದೇ? ಸಲ್ಲುತ್ತದೆ, ಕಾರ್ಖಾನೆಯಿಂದಲೇ ಬಂದರೆ. ಹ್ಯುಂಡೈ, ಕಿಯಾ ಕಂಪನಿಗಳು ಈಚಿನ ವರ್ಷಗಳಲ್ಲಿ ಕೆಲವು ಮ್ಯಾನುಯಲ್ ಮಾದರಿಗಳಲ್ಲೂ ಇದನ್ನು ಕೊಟ್ಟಿವೆ. ಅಲ್ಲಿ ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ಕಾರೇ ನೋಡಿಕೊಳ್ಳುತ್ತದೆ. ಯಾರು ಎಲ್ಲಿ ಯಾವ ವೈರ್ ಕತ್ತರಿಸಿದರೋ ಎಂಬ ಪ್ರಶ್ನೆಯೂ ಬರುವುದಿಲ್ಲ. ಆದರೂ ಮುಚ್ಚಿದ ಗ್ಯಾರೇಜಿನಲ್ಲಿ, ಬೇಸ್‌ಮೆಂಟಿನಲ್ಲಿ ಎಂಜಿನ್ ಓಡಲು ಬಿಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಉಸಿರಾಡಿದವರ ಜೀವಕ್ಕೇ ಅಪಾಯ.

ತಮ್ಮನಿಗೆ ಅಂಕಣಕಾರ ಇನ್ನೊಂದು ಲೆಕ್ಕವನ್ನೂ ಬರೆದು ಕಳಿಸಿದ. ನಿಂತಲ್ಲೇ ಎಸಿ ಓಡಿಸುವ ಕಾರು ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲ್ ಕುಡಿಯುತ್ತದೆ ಎಂದುಕೊಂಡರೆ, ದಿನಕ್ಕೆ ಹತ್ತು ನಿಮಿಷಕ್ಕೆ ₹17ರಷ್ಟು, ತಿಂಗಳಿಗೆ ₹500ರಷ್ಟು ಆಯಿತು. ಅಷ್ಟು ಕೊಟ್ಟು ಪಡೆಯುವ ತಂಪಿನಲ್ಲಿ ಬಹುಪಾಲು ಪುಕ್ಕಟೆಯಾಗಿಯೇ ಸಿಗುತ್ತದೆ. ನಿಂತಾಗ ಮುಂದಿನ ಗಾಜಿಗೆ ಹೊಳೆಯುವ ಪರದೆ ಇಟ್ಟು, ಹೊರಡುವ ಮುನ್ನ ನಾಲ್ಕೂ ಬಾಗಿಲು ತೆರೆದು ಬಿಸಿಗಾಳಿ ಹೊರಹಾಕಿ, ಕಿಟಕಿ ಇಳಿಸಿ ಸ್ವಲ್ಪ ದೂರ ಓಡಿಸಿದ ಮೇಲೆ ಎಸಿ ಹಾಕಿದರೆ ಒಳಗೆ ಬೇಗ ತಣ್ಣಗಾಗುತ್ತದೆ. ಮಗುವನ್ನು ಬಾಗಿಲು ತೆರೆದು ಗಾಳಿಯಾಡಿದ ಮೇಲೆ ಕೂಡಿಸಬೇಕು, ಅಷ್ಟೆ. ಅವನು ಪರದೆ ಕೊಂಡ.

ಈಗಾಗಲೇ ಕಿಟ್ ಹಾಕಿಸಿದವರು ಈ ವಾರವೇ ಮಾಡಬಹುದಾದ ಕೆಲಸಗಳಿವೆ. ತೆಗೆಸುವುದಾದರೆ ಕ್ಲಚ್ ಸ್ವಿಚ್ಚಿನ ವೈರ್ ಮೊದಲಿನಂತೆ ಆಗಿದೆಯೇ ಎಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ನೋಡಿಸಿ, ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಡ್ಯಾಶ್‌ಬೋರ್ಡಿನೊಳಗೆ ಕೀಲಿಯೇನಾದರೂ ಇದ್ದರೆ ಅದನ್ನೂ ಹೊರಗೆ ತೆಗೆಸಬೇಕು. ಇಟ್ಟುಕೊಳ್ಳಲೇಬೇಕೆಂದಿದ್ದರೆ ವಿಮಾ ಕಂಪನಿಗೆ ಇಮೇಲಿನಲ್ಲಿ ತಿಳಿಸಿ, ಐಎಂಟಿ 24 ಎಂಬ ಷರತ್ತಿನಡಿ ಪಾಲಿಸಿಯಲ್ಲಿ ನಮೂದಿಸಲು ಕೇಳಬಹುದು. ಹೊರಗಿನಿಂದ ಕೂಡಿಸಿದ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಅದರ ಹೆಚ್ಚುವರಿ ಪ್ರೀಮಿಯಂ ಸಾಮಾನ್ಯವಾಗಿ ಉಪಕರಣದ ಬೆಲೆಯ ಶೇ 4, ಅಂದರೆ ₹12,000ಕ್ಕೆ ₹480, ಜೊತೆಗೆ ತೆರಿಗೆ. ಇದರಿಂದ ಸಿಗುವುದು ಉಪಕರಣಕ್ಕೆ ರಕ್ಷಣೆ ಮತ್ತು ಮುಚ್ಚಿಡಲಿಲ್ಲ ಎಂಬುದಕ್ಕೆ ದಾಖಲೆ. ಕಾರು ತಾನಾಗಿ ಹೊರಟು ಯಾರಿಗಾದರೂ ಬಡಿದರೆ 126ನೇ ಕಲಮಿನ ಪ್ರಶ್ನೆ ಆಗಲೂ ಹಾಗೇ ಉಳಿದಿರುತ್ತದೆ.