ಅಳಿವೆಯ ಜಿತಾಡಾ: ಗಾಳದ ಕ್ರಮ ಮತ್ತು ಹುಸಿ ಎರೆಯ ಆಯ್ಕೆ

ಗಾಳ ಹಿಡಿದು ನೀರಿನಂಚಿನಲ್ಲಿ ಕುಳಿತವನನ್ನು ಸೋಮಾರಿಯೆಂದು ತಿಳಿಯುವವರೇ ಹೆಚ್ಚು. ಕನ್ನಡ ನಾಡಿನ ಅರಸನೊಬ್ಬನು ಹಾಗೆ ತಿಳಿದಿರಲಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವನ್ನೇ ಈ ಕಲೆಗೆ ಮೀಸಲಿಟ್ಟು, ಮೀನುಗಳ ಜಾತಿಗಳನ್ನೂ ಅವುಗಳ ಆಹಾರವನ್ನೂ ವಿವರಿಸಿದ್ದಾನೆ. ಮೀನಿನ ಸ್ವಭಾವವನ್ನರಿತು ಎರೆಯನ್ನು ಆರಿಸಬೇಕೆಂಬ ತತ್ತ್ವ ಇಂದಿಗೂ ಬದಲಾಗಿಲ್ಲ.

ಅಂಗಡಿಗಳಲ್ಲಿ ದೊರೆಯುವ ಬಣ್ಣಬಣ್ಣದ ಹುಸಿ ಎರೆಗಳಲ್ಲಿ ಅನೇಕವು ಅಮೆರಿಕದ ಸಿಹಿನೀರಿನ ‘ಬಾಸ್’ ಮೀನಿಗಾಗಿ ರೂಪುಗೊಂಡವು. ಮುಂಬಯಿಯ ಆಸುಪಾಸಿನಲ್ಲಿ ಬೇಟೆಯ ರೀತಿಯಿಂದ ಅದಕ್ಕೆ ಹೋಲುವುದು ‘ಏಷ್ಯದ ಸಮುದ್ರ ಬಾಸ್’. ಮರಾಠಿಗರಿಗೆ ಇದು ಜಿತಾಡಾ, ಆಸ್ಟ್ರೇಲಿಯದವರಿಗೆ ಬಾರಾಮುಂಡಿ. ಉಲ್ಹಾಸ ನದಿ ಕಡಲು ಸೇರುವ ವಸಯಿ ಖಾಡಿಯಂತಹ ಅಳಿವೆಗಳು ಇದರ ನೆಲೆ.

ಜಿತಾಡಾ ಅಟ್ಟಿಸಿಕೊಂಡು ಹೋಗುವ ಮೀನಲ್ಲ. ಹೊಂಚು ಹಾಕುವ ಮೀನು. ಕಾಂಡ್ಲಾ ಗಿಡಗಳ ಬೇರು, ಬಂಡೆ, ಸೇತುವೆಯ ಕಂಬ ಇವುಗಳ ಮರೆಯಲ್ಲಿ ನಿಂತು, ಸಮೀಪಿಸಿದ ಸಿಗಡಿಯನ್ನೋ ಮರಿಮೀನನ್ನೋ ಬಾಯಗಲಿಸಿ ನೀರಿನೊಡನೆ ಒಳಗೆಳೆದುಕೊಳ್ಳುತ್ತದೆ. ಆದುದರಿಂದ ಎರೆಯು ಈ ಮರೆಯ ಬದಿಯಲ್ಲಿಯೇ ಹಾದುಹೋಗಬೇಕು; ನಡುನೀರಿನಲ್ಲಿ ಬಿದ್ದ ಎರೆಯಿಂದ ಪ್ರಯೋಜನವಿಲ್ಲ.

ಎರಡನೆಯದು ನೀರಿನ ಚಲನೆ. ಮುಂಬಯಿಯಲ್ಲಿ ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಇವೆರಡರ ಅಂತರ 4 ಮೀಟರನ್ನೂ ಮೀರುವುದುಂಟು. ಅಷ್ಟಮಿಯ ಸುಮಾರಿಗೆ ಬಹಳ ಕಡಿಮೆ. ಇಳಿತದಲ್ಲಿ ಕಾಂಡ್ಲಾ ಕಾಡಿನೊಳಗಿನ ನೀರು ಸಣ್ಣ ಕಾಲುವೆಗಳ ಮೂಲಕ ಹೊರಬರುವಾಗ ಸಿಗಡಿಗಳೂ ಮರಿಮೀನುಗಳೂ ಕೊಚ್ಚಿಬರುತ್ತವೆ. ಆ ಕಾಲುವೆಯ ಬಾಯಿಯೇ ಜಿತಾಡಾದ ಊಟದ ಬಾಗಿಲು.

ಇವೆರಡನ್ನು ಅರಿತ ಮೇಲೆ ಎರೆಯ ಆಯ್ಕೆ ಕಷ್ಟವಲ್ಲ:

1. ಆಳವಿಲ್ಲದ ದಡದಲ್ಲಿ, ಮುಂದೆ ತುಟಿಯುಳ್ಳ ತೇಲುವ ಪ್ಲಗ್. ತುಟಿ ಗಿಡ್ಡವಿದ್ದರೆ ಅದು ಮೇಲ್ನೀರಿನಲ್ಲಿ ಚಲಿಸುತ್ತದೆ, ಉದ್ದವಿದ್ದರೆ ಆಳಕ್ಕಿಳಿಯುತ್ತದೆ. ಎಳೆಯುವುದು, ನಿಲ್ಲಿಸುವುದು, ಮತ್ತೆ ಎಳೆಯುವುದು ಕ್ರಮ. ಅನೇಕ ವೇಳೆ ಮೀನು ಕಚ್ಚುವುದು ಎರೆ ನಿಂತ ಕ್ಷಣದಲ್ಲಿ.

2. ಸೇತುವೆಯ ಕೆಳಗಿನ ಆಳದ ಹರಿವಿನಲ್ಲಿ, ಸೀಸದ ತಲೆಯುಳ್ಳ ಮೃದುವಾದ ರಬ್ಬರ್ ಮೀನು. ತಳ ಮುಟ್ಟಿಸಿ, ಕೋಲನ್ನು ಎತ್ತಿ ಇಳಿಸುತ್ತ ನೆಗೆಯಿಸಬೇಕು.

3. ಮುಸ್ಸಂಜೆಯ ನಿಶ್ಚಲ ನೀರಿನಲ್ಲಿ, ಮೇಲ್ಮೈಯಲ್ಲಿ ‘ಪೊಳಕ್’ ಎಂದು ಸದ್ದುಮಾಡುವ ಪಾಪರ್.

4. ಎದುರುಗಾಳಿಯಲ್ಲಿ ದೂರಕ್ಕೆ ಎಸೆಯಬೇಕಾದಾಗ, ಭಾರವಾದ ಲೋಹದ ಸ್ಪೂನ್.

ಬಣ್ಣವನ್ನು ಕೊನೆಗೆ ಯೋಚಿಸಿದರೆ ಸಾಕು. ತಿಳಿನೀರಿನಲ್ಲಿ ಮರಿಮೀನಿನ ಬೆಳ್ಳಿಬಣ್ಣ ಸಾಕಾಗುತ್ತದೆ. ಖಾಡಿಗಳ ಕದಡಿದ ನೀರಿನಲ್ಲಿ ಮೀನು ಕಣ್ಣಿಗಿಂತ ಮೈಯ ಪಕ್ಕದ ಸ್ಪರ್ಶರೇಖೆಯನ್ನು ಹೆಚ್ಚು ಅವಲಂಬಿಸುವುದರಿಂದ ಅದುರುವ, ಗಲಗಲಿಸುವ ಎರೆಯನ್ನು ನಿಧಾನವಾಗಿ ಎಳೆಯಬೇಕು. ಕತ್ತಲಾದ ಮೇಲೆ ಕಪ್ಪು ಎರೆಯ ಆಕೃತಿಯೇ ಆಕಾಶದ ಹಿನ್ನೆಲೆಯಲ್ಲಿ ಸ್ಪಷ್ಟ. ಜಿತಾಡಾದ ಕಿವಿರಿನ ಮುಚ್ಚಳದ ಅಂಚು ಹರಿತವಾದುದರಿಂದ ದಾರದ ತುದಿಗೆ ದಪ್ಪನೆಯ ನೈಲಾನ್ ತುಂಡೊಂದನ್ನು ಕಟ್ಟುವುದು ಅವಶ್ಯ.

ಆರೋಗ್ಯದ ದೃಷ್ಟಿಯಿಂದಲೂ ಎಚ್ಚರ ಬೇಕು. ಗಾಳ ಚುಚ್ಚಿದ ಗಾಯದಿಂದ ಧನುರ್ವಾಯು ತಗಲುವ ಸಂಭವವಿರುವುದರಿಂದ ಅದರ ಚುಚ್ಚುಮದ್ದನ್ನು ಮೊದಲೇ ಪಡೆದಿರಬೇಕು. ಕಣ್ಣಿನ ಸಮೀಪ ನೆಟ್ಟ ಗಾಳವನ್ನು ಕೀಳದೆ ವೈದ್ಯರಲ್ಲಿಗೆ ಹೋಗಬೇಕು. ಮಳೆಗಾಲದಲ್ಲಿ ಕಡಲಂಚಿನ ಪಾಚಿ ಹಿಡಿದ ಬಂಡೆಗಳ ಮೇಲೆ ನಿಲ್ಲುವುದು ಪ್ರಾಣಕ್ಕೇ ಸಂಚಕಾರ. 2015ರಲ್ಲಿ ಠಾಣೆ ಖಾಡಿಯ ಒಂದು ಭಾಗ ರಾಜಹಂಸಗಳ ಅಭಯಾರಣ್ಯವಾಗಿರುವುದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಗಾಳ ಹಾಕಲಾಗದು.

ಇನ್ನು ಮುಖ್ಯವಾದ ಮಾತು. ಜಿತಾಡಾ ಸಾಮಾನ್ಯವಾಗಿ ಗಂಡಾಗಿ ಬೆಳೆದು, ಹಲವು ವರ್ಷಗಳ ಅನಂತರ ಹೆಣ್ಣಾಗಿ ಮಾರ್ಪಡುತ್ತದೆ. ಹೀಗಾಗಿ ಒಂದು ಮೀಟರ್ ಉದ್ದದ ಮೀನು ಬಹುಮಟ್ಟಿಗೆ ಲಕ್ಷಗಟ್ಟಲೆ ಮೊಟ್ಟೆಯಿಡುವ ತಾಯಿ. ಛಾಯಾಚಿತ್ರಕ್ಕೆ ಹೆಮ್ಮೆಯೆನಿಸುವ ಮೀನೇ ಅಳಿವೆಯ ಮೂಲಧನವೆಂದಾಯಿತು. ಬಡ್ಡಿಯನ್ನುಂಡು ಅಸಲನ್ನು ಉಳಿಸುವುದು ಬಾಳ್ವೆಯ ಜಾಣತನ. ಮನೆಯ ಸಾರಿಗೆ ಮಧ್ಯಮ ಗಾತ್ರದ ಒಂದು ಮೀನು ಸಾಕು. ದೊಡ್ಡದನ್ನು ಒದ್ದೆ ಕೈಗಳಿಂದ, ಹೊಟ್ಟೆಗೆ ಆಧಾರ ಕೊಟ್ಟು ಹಿಡಿದು, ಬೇಗನೆ ನೀರಿಗೆ ಬಿಡಬೇಕು. ಮುಮ್ಮೂಲೆಯ ಗಾಳಕ್ಕೆ ಬದಲಾಗಿ ಮುಳ್ಳು ಒತ್ತಿದ ಒಂಟಿ ಗಾಳವನ್ನು ಬಳಸಿದರೆ ಈ ಕೆಲಸ ಸುಲಭ.

ಬಾಲ್ಯವನ್ನು ನೇತ್ರಾವತಿ, ಶರಾವತಿ, ಕಾಳಿಗಳ ಅಳಿವೆಗಳಲ್ಲಿ ಕಳೆದ ಕನ್ನಡಿಗರು ಈ ಮಹಾನಗರದಲ್ಲಿ ಹಲವರಿದ್ದಾರೆ. ಅವರ ಮಕ್ಕಳು ರವಿವಾರದ ಇಳಿತದಲ್ಲಿ ತಂದೆಯ ಪಕ್ಕ ನಿಂತು ನೀರನ್ನು ಓದಲು ಕಲಿಯಲಿ. ತಾಯಿಮೀನನ್ನು ಮರಳಿ ಬಿಡುವುದನ್ನೂ ಅಲ್ಲಿಯೇ ಕಲಿಯಲಿ.