ಗೇಟು ಹಾಕುವವರು ಯಾರು?

ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಇರುವ ಮಾದರಿ ರೈಲು ಕಟ್ಟಿದವರಿಗೆಲ್ಲ ಒಂದು ಚಪಲ: ಕೈಯಲ್ಲಿರುವ ಥ್ರಾಟಲ್‌ನಿಂದಲೇ ಎಲ್ಲವನ್ನೂ ಆಡಿಸಬೇಕು. ಎಂಜಿನ್‌ಗೊಂದು ನಂಬರು, ಪಾಯಿಂಟ್‌ಗೊಂದು ನಂಬರು. ಲೆವೆಲ್ ಕ್ರಾಸಿಂಗ್‌ನ ಕೆಂಪು ದೀಪಕ್ಕೂ ಒಂದು ನಂಬರು ಕೊಟ್ಟು, ರೈಲು ಹತ್ತಿರ ಬಂದಾಗ ಗುಂಡಿ ಒತ್ತಿದರಾಯಿತು. ಓಹಾಯೊದ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಎಚ್‌ಒ ಅಳತೆಯಲ್ಲಿ, ಅಂದರೆ ನಿಜದ 87ನೇ ಒಂದು ಪಾಲಿನಲ್ಲಿ, ಅಮೆರಿಕದ ಗೂಡ್ಸ್ ಲೈನೊಂದನ್ನು ಹಾಸಿದಾಗ ನಾನೂ ಹಾಗೆಯೇ ಶುರು ಮಾಡಿದೆ. ದೀಪ ಸರಿಯಾಗಿಯೇ ಮಿನುಗಿತು. ಆದರೆ ರೈಲು ಓಡಿಸುವವನ ಜೊತೆಗೆ ಗೇಟ್‌ಮ್ಯಾನೂ ನಾನೇ ಆದೆ.

ಊರಿನ ಗೇಟು ನೋಡಿ ಬೆಳೆದವರಿಗೆ ಇದು ಸಹಜವೆನಿಸಬಹುದು. ನಮ್ಮಲ್ಲಿ ಇಂಟರ್‌ಲಾಕ್ ಆದ ಗೇಟನ್ನು ಹಾಕಿ, ಬೀಗ ಬಿದ್ದ ಮೇಲೆಯೇ ರೈಲಿಗೆ ಸಿಗ್ನಲ್ ಸಿಗುವುದು. ಗೇಟಿಗಾಗಿ ರೈಲು ಕಾಯುತ್ತದೆ. ಅಮೆರಿಕದಲ್ಲಿ ರೈಲು ಕಾಯುವುದಿಲ್ಲ. ಅದು ಹಳಿಯ ಮೇಲೆ ಬರುತ್ತಿರುವುದೇ ಸರ್ಕಿಟ್‌ಗೆ ಸುದ್ದಿ. ಆ ಸುದ್ದಿಗೆ ದೀಪ ಹತ್ತಿ, ಕೋಲು ಇಳಿಯುತ್ತದೆ. ಮೈಸೂರು ಕಡೆಯ ಗೇಟನ್ನು ಮಾಡುವವರು ಗುಂಡಿ ಒತ್ತಲಿ, ಅದೇ ಸರಿ. ಓಹಾಯೊದ ಗೇಟಿಗೆ ಗುಂಡಿ ಹೊಂದುವುದಿಲ್ಲ.

ಮೂಲ ಡಿಸಿಸಿ ಅಪ್ಪಣೆ ಕೊಡುತ್ತದೆಯೇ ಹೊರತು ವರದಿ ಕೇಳುವುದಿಲ್ಲ. ಇಂಥ ನಂಬರಿನ ಎಂಜಿನ್ ಇಷ್ಟು ವೇಗದಲ್ಲಿ ಓಡಲಿ ಎಂದು ಹಳಿಗೆ ಸಂದೇಶ ಹೋಗುತ್ತದೆ. ಆ ಎಂಜಿನ್ ಎಲ್ಲಿದೆ ಎಂಬುದು ಕಮಾಂಡ್ ಸ್ಟೇಷನ್‌ಗೆ ಗೊತ್ತಿರುವುದಿಲ್ಲ. ಕ್ರಾಸಿಂಗ್‌ಗೆ ಬೇಕಾಗಿರುವುದು ಅದೊಂದೇ. ಹಾಗಾಗಿ ಅದನ್ನು ಡಿಸಿಸಿಯಿಂದ ಬಿಡಿಸಿ, ಸೆನ್ಸರು ಮತ್ತು ಒಂದು ಆರ್ಡುಯಿನೊ ಬೋರ್ಡಿನ ಕೈಗೆ ಕೊಟ್ಟೆ. ಕರೆಂಟೂ ಬೇರೆ ಅಡಾಪ್ಟರ್‌ನಿಂದ. ಎಲ್ಲೋ ಒಂದು ಬೋಗಿ ಹಳಿ ತಪ್ಪಿ ಶಾರ್ಟ್ ಆದರೆ ಹಳಿಗೆ ಕರೆಂಟು ಕೊಡುವ ಬೂಸ್ಟರ್ ಕೈಚೆಲ್ಲುತ್ತದೆ. ಆಗ ಗೇಟೂ ಸಾಯಬಾರದು.

ಸೆನ್ಸರಿನ ಆಯ್ಕೆಯಲ್ಲೇ ನಿಜವಾದ ಸ್ವಾರಸ್ಯ ಇರುವುದು. ಡಿಸಿಸಿ ಹಳಿಯಲ್ಲಿ ಸದಾ ವೋಲ್ಟೇಜ್ ಇರುವುದರಿಂದ, ನಿಂತ ಎಂಜಿನ್ ಎಳೆಯುವ ಅಲ್ಪ ಕರೆಂಟನ್ನೂ ಹಿಡಿಯಬಹುದು. ಆದರೆ ಬೋಗಿಗಳು ಕರೆಂಟು ಎಳೆಯುವುದಿಲ್ಲ. ಎಂಜಿನ್ ದಾಟಿದ ಕೂಡಲೇ ದೀಪ ಆರಿ, ಉಳಿದ ಬೋಗಿಗಳೆಲ್ಲ ತೆರೆದ ಗೇಟಿನಲ್ಲೇ ಸಾಗುತ್ತವೆ. ಅದಕ್ಕೆ ಬೋಗಿಯ ಅಚ್ಚಿಗೆ 10 ಕಿಲೊಓಮ್ ರೆಸಿಸ್ಟರ್ ಅಂಟಿಸುವವರಿದ್ದಾರೆ. ಅಷ್ಟು ತಾಳ್ಮೆ ನನಗಿಲ್ಲ. ಇನ್‌ಫ್ರಾರೆಡ್‌ಗೆ ಹೋದೆ.

ಇನ್‌ಫ್ರಾರೆಡ್‌ನಲ್ಲೂ ಎರಡು ಬಗೆ. ಹಳಿಯ ನಡುವೆ ಕೂತು, ಬೋಗಿಯ ತಳಕ್ಕೆ ಬಡಿದು ಮರಳುವ ಬೆಳಕನ್ನು ಹಿಡಿಯುವುದು ಒಂದು. ಈ ಕಡೆಯಿಂದ ಆ ಕಡೆಗೆ ಕಿರಣ ಹಾಯಿಸಿ, ಅದು ತುಂಡಾದರೆ ರೈಲು ಬಂತೆಂದು ತಿಳಿಯುವುದು ಇನ್ನೊಂದು. ಮೊದಲನೆಯದನ್ನು ಅಡಗಿಸಿಡುವುದು ಸುಲಭ. ಆದರೂ ನನ್ನ ಮತ ಎರಡನೆಯದಕ್ಕೆ. 1872ರಲ್ಲಿ ವಿಲಿಯಂ ರಾಬಿನ್ಸನ್ ರೂಪಿಸಿದ ಟ್ರ್ಯಾಕ್ ಸರ್ಕಿಟ್‌ನ ತತ್ವವೂ ಇದೇ: ಹಳಿ ಮುರಿದರೂ, ಬ್ಯಾಟರಿ ಸತ್ತರೂ ರಿಲೇ ಕೆಳಗೆ ಬೀಳುತ್ತದೆ, ರೈಲಿದೆ ಎಂದೇ ಲೆಕ್ಕ. ಕಿರಣದ ಸೆನ್ಸರಿನಲ್ಲೂ ಎಲ್‌ಇಡಿ ಸುಟ್ಟರೆ ದೀಪ ಮಿನುಗತೊಡಗುತ್ತದೆ, ಕೆಟ್ಟದ್ದು ಕಣ್ಣಿಗೆ ಬೀಳುತ್ತದೆ. ಮರಳುವ ಬೆಳಕಿನದು ಕೆಟ್ಟರೆ ಸದ್ದಿಲ್ಲದೆ ಸುಮ್ಮನಿರುತ್ತದೆ. ಕಿರಣವನ್ನು ಹಳಿಗೆ ನೇರ ಅಡ್ಡಲಾಗಿ ಇಡದೆ ಓರೆಯಾಗಿ ಇಡಬೇಕು. ಇಲ್ಲದಿದ್ದರೆ ಎರಡು ಬೋಗಿಗಳ ನಡುವಿನ ಸಂದಿಯಲ್ಲಿ ತೂರಿಹೋಗುತ್ತದೆ. ಜೊತೆಗೆ, ಕಿರಣ ಮತ್ತೆ ಕೂಡಿದ ಮೇಲೂ ಎರಡು ಸೆಕೆಂಡು ಕಾದೇ ದೀಪ ಆರಿಸುವಂತೆ ಪ್ರೋಗ್ರಾಂನಲ್ಲಿ ಬರೆದಿದ್ದೇನೆ.

ಸೆನ್ಸರು ಎಷ್ಟು ದೂರದಲ್ಲಿರಬೇಕು? ಅಮೆರಿಕದ ನಿಯಮದಂತೆ ರೈಲು ಬರುವುದಕ್ಕೆ ಕನಿಷ್ಠ 20 ಸೆಕೆಂಡು ಮೊದಲು ಎಚ್ಚರಿಕೆ ಸಿಗಬೇಕು. ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ ಅದು ನಮ್ಮ ಅಳತೆಯಲ್ಲಿ ಸುಮಾರು 3.8 ಮೀಟರ್. ಅಷ್ಟು ಉದ್ದದ ನೇರ ಹಳಿ ನಮ್ಮ ಮನೆಯ ಗೋಡೆ ಕೊಡುವುದಿಲ್ಲ. ವೇಗವನ್ನು 30ಕ್ಕೆ ಇಳಿಸಿ, ಎಚ್ಚರಿಕೆಯನ್ನು 8 ಸೆಕೆಂಡಿಗೆ ಒಪ್ಪಿಕೊಂಡರೆ 80 ಸೆಂಟಿಮೀಟರ್ ಸಾಕು. ಕಾಲವನ್ನು ಕುಗ್ಗಿಸಬಹುದು, ಕ್ರಮವನ್ನು ಕೆಡಿಸಬಾರದು. ದೀಪ ಮೊದಲು, 3 ಸೆಕೆಂಡಾದ ಮೇಲೆ ಕೋಲು, ಕೋಲು ಪೂರ್ತಿ ಮಲಗಿದ ಮೇಲೆ ರೈಲು. ನೋಡುವವರ ಕಣ್ಣು ಸೆಕೆಂಡು ಎಣಿಸುವುದಿಲ್ಲ, ಈ ಸರದಿ ತಪ್ಪಿದರೆ ಮಾತ್ರ ಹಿಡಿದುಬಿಡುತ್ತದೆ.

ದೀಪ ನಿಮಿಷಕ್ಕೆ 35ರಿಂದ 65 ಸಲ ಮಿನುಗಬೇಕೆಂಬ ನಿಯಮವಿದೆ. ನಾನು 50ಕ್ಕೆ ಇಟ್ಟಿದ್ದೇನೆ. ಹಳೆಯ ಬಲ್ಬಿನಂತೆ ಮೆಲ್ಲಗೆ ಏರಿ ಇಳಿಯುವಂತೆ ಎಲ್‌ಇಡಿಯನ್ನು ಪಳಗಿಸಿದರೆ ಸೊಗಸು ಇಮ್ಮಡಿ. ಕೋಲನ್ನು ಆಡಿಸುವ ಸರ್ವೊ ಮೋಟರಿನ ಸಿಗ್ನಲ್ ತಂತಿಯನ್ನು ಡಿಸಿಸಿ ತಂತಿಗಳ ಪಕ್ಕ ಹಾಯಿಸಬಾರದು, ಕೋಲು ನಡುಗುತ್ತದೆ.

ತಲೆ ತಿಂದದ್ದು ದಿಕ್ಕು. ಮೂರು ಸೆನ್ಸರು ಬೇಕು: ಆಚೆ, ಈಚೆ, ರಸ್ತೆಯ ಮೇಲೆ. ರಸ್ತೆ ಖಾಲಿಯಾದೊಡನೆ ಗೇಟು ತೆರೆಯಬೇಕು. ಆದರೆ ರೈಲಿನ ಬಾಲ ಇನ್ನೂ ಆಚೆಯ ಸೆನ್ಸರಿನ ಮೇಲಿರುತ್ತದೆ, ಅದನ್ನು ಹೊಸ ರೈಲೆಂದು ತಿಳಿಯಬಾರದು. ಮೊದಲು ಯಾವುದು ತುಂಡಾಯಿತೆಂದು ನೆನಪಿಟ್ಟು, ಎದುರಿನದನ್ನು ಅದು ಖಾಲಿಯಾಗುವವರೆಗೆ ಮರೆಯುವಂತೆ ಮಾಡಿದೆ. ಶಂಟಿಂಗ್ ಎಂಜಿನ್ ಅರ್ಧ ದಾರಿ ಬಂದು ನಿಂತರೆ, ಇಲ್ಲವೇ ಹಿಂದಕ್ಕೆ ಹೋದರೆ? ಅರ್ಧ ನಿಮಿಷದಲ್ಲಿ ರಸ್ತೆ ತಲುಪದಿದ್ದರೆ ಗೇಟು ತಾನೇ ಏಳುತ್ತದೆ. ಆದರೆ ಸೆನ್ಸರಿಗೂ ರಸ್ತೆಗೂ ನಡುವೆಯೇ ನಿಂತಿದ್ದ ಎಂಜಿನ್ ಆಮೇಲೆ ಮುಂದೆ ಬಂದರೆ ರಸ್ತೆಯ ಸೆನ್ಸರೇ ಗತಿ, ಅಷ್ಟರಲ್ಲಿ ಎಂಜಿನ್ ರಸ್ತೆಯ ಮೇಲೆಯೇ ಇರುತ್ತದೆ. ಅದಕ್ಕೆ ಶಂಟಿಂಗ್ ಮಾಡುವವರು ರಸ್ತೆಗೆ ಮೊದಲು ನಿಂತು, ಗುಂಡಿ ಒತ್ತಿ, ಹಾರ್ನ್ ಹೊಡೆದೇ ದಾಟಬೇಕೆಂದು ನಮ್ಮ ಮನೆಯ ಕಾನೂನು. ಆ ಒಂದು ಗುಂಡಿಯನ್ನು ಮಾತ್ರ ಡಿಸಿಸಿಯಲ್ಲಿ ಉಳಿಸಿಕೊಂಡಿದ್ದೇನೆ.